ತು ಮಿಂಗ್‌ಫಾ ಮನೆಯ ಮೆಟ್ಟಿಲ ಗೇಟು

ಹುವೇಯ್ ಪಟ್ಟಣದ ಸಕ್ಕರೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಬೀಗ ರಿಪೇರಿಯ ಅಂಗಡಿ ಇಟ್ಟಿದ್ದ ತು ಮಿಂಗ್‌ಫಾ, ತನ್ನ ಅರವತ್ತೊಂದನೆಯ ವಯಸ್ಸಿನಲ್ಲಿ ವಾರ್ಡಿನ ರಾಜಿ ಸಮಿತಿಯ ಸದಸ್ಯನಾದ. ಮೊದಲಿದ್ದ ಸದಸ್ಯರಿಗೆ ಮಂಡಿನೋವು ಬಂದು ಮೂರನೆಯ ಮಹಡಿಯ ಕಚೇರಿಗೆ ಹತ್ತಲಾಗುತ್ತಿರಲಿಲ್ಲ. ಮಿಂಗ್‌ಫಾನ ಮಂಡಿ ಗಟ್ಟಿಯಾಗಿತ್ತು. ಆಯ್ಕೆಗೆ ಇದಕ್ಕಿಂತ ದೊಡ್ಡ ಕಾರಣ ಇದ್ದಂತೆ ಕಾಣುವುದಿಲ್ಲ. ಆದರೆ ನೇಮಕದ ಪತ್ರಕ್ಕೆ ಚೌಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ ದಿನದಿಂದ ಅವನ ಮಾತಿನ ಧಾಟಿಯೇ ಬದಲಾಯಿತು. ಬೀಗ ಕೆಟ್ಟಿತೆಂದು ಬಂದವರಿಗೂ ಅವನು ಸಂಸಾರದ ಬುದ್ಧಿ ಹೇಳಿ ಕಳಿಸತೊಡಗಿದ.

"ಸಮಾಧಾನವಾಗಿ ಕೂರಿಸಿ ಕೇಳಿದ್ರೆ ಬಗೆಹರಿಯದ ಜಗಳ ಅಂತ ಒಂದಿಲ್ಲ. ನಮ್ಮನೇಲೇ ನೋಡಿ. ಎರಡು ನಾಯಿ, ಆರು ವರ್ಷ, ಒಂದೇ ಚಾಪೆ. ಒಂದು ದಿನ ಗುರ್ ಅಂದಿಲ್ಲ. ಯಾಕೆ? ಯಜಮಾನನ ಸ್ವಭಾವ ನಾಯಿಗೆ ಬರುತ್ತೆ!"

ನಾಯಿಗಳ ಮಟ್ಟಿಗೆ ಅವನು ಹೇಳಿದ್ದು ನಿಜವೇ. ದೊಡ್ಡದು ಯೌತ್ಯಾವ್. ಹತ್ತು ವರ್ಷದ ಕಂದುಬಣ್ಣದ ಗಂಡು, ಉದ್ದನೆಯ ಮೈ. ಚಿಕ್ಕದು ದೌಜಾಂಗ್, ಬಿಳಿಯ ಹೆಣ್ಣು. ಒಂದಕ್ಕೆ ಕರಿದ ಹಿಟ್ಟಿನ ಕಡ್ಡಿಯ ಹೆಸರು, ಇನ್ನೊಂದಕ್ಕೆ ಸೋಯಾ ಹಾಲಿನ ಹೆಸರು. ಬೆಳಗಿನ ತಿಂಡಿಗೆ ಒಂದನ್ನು ಇನ್ನೊಂದರಲ್ಲಿ ಅದ್ದಿಯೇ ತಿನ್ನಬೇಕಾದ್ದರಿಂದ, ಸದಾ ಅಂಟಿಕೊಂಡಿರುವ ಈ ಜೋಡಿಗೆ ಮಿಂಗ್‌ಫಾನ ಹೆಂಡತಿ ಸುಯುನ್ ಆ ಹೆಸರಿಟ್ಟಿದ್ದಳು.

ನೇಮಕದ ಪತ್ರ ಗೋಡೆಗೇರಿದ ನಾಲ್ಕನೆಯ ದಿನ ಮಧ್ಯಾಹ್ನ, ಗಂಡ ಹೆಂಡತಿ ಊಟಕ್ಕೆ ಕುಳಿತಿದ್ದಾಗ ಮೇಜಿನ ಕೆಳಗೆ ಬಾಂಬು ಸಿಡಿದಂತಾಯಿತು.

ಮಿಂಗ್‌ಫಾ ಬಗ್ಗಿ ನೋಡುವಷ್ಟರಲ್ಲಿ ದೌಜಾಂಗ್ ಯೌತ್ಯಾವಿನ ಕಿವಿಗೆ ಬಾಯಿ ಹಾಕಿತ್ತು, ಯೌತ್ಯಾವ್ ಅದರ ಕತ್ತಿಗೆ ಹಾಕಿತ್ತು. ಎರಡರ ನಡುವೆ ಮೇಜಿನ ಕಾಲು ಸಿಕ್ಕಿಕೊಂಡು ಮೇಜೇ ಕೋಣೆಯ ಸುತ್ತ ನಡೆಯತೊಡಗಿತು. "ಸಮಾಧಾನ! ಸಮಾಧಾನ!" ಎಂದು ಹೊಸ ಸದಸ್ಯ ಕೈಯನ್ನು ನಡುವೆ ಹಾಕಿದ. ಯಾರ ಹಲ್ಲೋ ತಿಳಿಯದು, ಅಂಗೈಯ ಅಂಚಿಗೆ ಇಳಿಯಿತು. ಯಾರ ಉಗುರೋ ತಿಳಿಯದು, ಕಿವಿಯಿಂದ ಗಲ್ಲದವರೆಗೆ ಮೂರು ಗೆರೆ ಎಳೆಯಿತು. ಕೊನೆಗೆ ಸುಯುನ್ ಅಕ್ಕಿ ತೊಳೆದಿಟ್ಟಿದ್ದ ಬಕೆಟ್ ನೀರನ್ನು ಮೂವರ ಮೇಲೂ ಸುರಿದಳು. ನಾಯಿಗಳು ಬಿಟ್ಟವು.

"ಬೀದಿಗೆ ಗೊತ್ತಾಗಬಾರದು" ಎನ್ನುವುದು ಒದ್ದೆಯಾದ ಮಿಂಗ್‌ಫಾನ ಮೊದಲ ಮಾತು. "ರಾಜಿ ಸಮಿತಿಯವನ ಮನೇಲಿ ಹೀಗಾಯ್ತು ಅಂದ್ರೆ ನಾನು ತಲೆ ಎತ್ತಿ ಓಡಾಡೋದು ಹೇಗೆ?"

"ಮೊದಲು ಕೈ ತೊಳ್ಕೋ. ಇಂಜೆಕ್ಷನ್ ಹಾಕಿಸ್ಕೊಂಡು ಬಾ" ಎಂದಳು ಸುಯುನ್.

ಯೌತ್ಯಾವನ್ನು ಕರೆದುಕೊಂಡು ಅವಳು ಮಹಡಿಯ ಕೋಣೆ ಸೇರಿದಳು. ದೌಜಾಂಗ್ ಜೊತೆ ಮಿಂಗ್‌ಫಾ ಅಂಗಡಿಯ ಹಿಂದಿನ ಕೋಣೆಯಲ್ಲಿ ಉಳಿದ. ಸಂಜೆಯೊಳಗೆ ಮೆಟ್ಟಿಲ ಬಾಯಿಗೆ ಕಬ್ಬಿಣದ ಗೇಟು ಬಂತು. ಬೀಗದವನ ಮನೆಯ ಗೇಟಾದ್ದರಿಂದ ಅದಕ್ಕೆ ಎರಡು ಬೀಗ.

ಆ ಬೀದಿಯ ಸುದ್ದಿಯೆಲ್ಲ ಹುಟ್ಟುವುದು ಕಸದ ಲಾರಿಯ ಹಿಂದೆ. ಸಂಜೆ ಆರೂವರೆಗೆ ಲಾರಿ ತನ್ನ ಹಾಡು ಹಾಕಿಕೊಂಡು ಮೂಲೆಗೆ ಬಂದರೆ, ಚೀಲ ಹಿಡಿದು ಓಡದ ಮನೆಯಿಲ್ಲ. ಮಿಂಗ್‌ಫಾನ ಮುಖ ಕಂಡೊಡನೆ ಎದುರುಮನೆಯ ತಿಂಡಿ ಅಂಗಡಿಯ ಆಕಿಮ್ ಕೈಲಿದ್ದ ಚೀಲವನ್ನು ಲಾರಿಗೆ ಎಸೆಯುವುದನ್ನೇ ಮರೆತಳು.

"ಅಯ್ಯೋ ತು ಅಣ್ಣ, ಏನಿದು ಕೆನ್ನೆ?"

"ಬಾಗಿಲು ತಾಗ್ತು."

"ಬಾಗಿಲಿಗೆ ಉಗುರಿರುತ್ತಾ?"

ಆಕಿಮ್ ಸುಯುನ್ ಕಡೆ ತಿರುಗಿದಳು. ಸುಯುನಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ನಿಜ ಹೇಳಬಾರದೆಂದು ಗಂಡನ ಕಟ್ಟಪ್ಪಣೆ. ಆದ್ದರಿಂದ ಅವಳು, "ಅವನನ್ನೇ ಕೇಳು. ನಾನಂತೂ ಇವತ್ತಿಂದ ಮೇಲಿನ ಕೋಣೆ. ಕೆಳಗಿಳಿಯೋ ಹಾಗಿಲ್ಲ, ಮುಖ ಮುಖ ನೋಡಿದ್ರೆ ಮತ್ತೆ ಶುರುವಾಗುತ್ತೆ" ಎಂದು ಒಂದೇ ಉಸಿರಿಗೆ ಹೇಳಿ ಹೊರಟುಹೋದಳು.

ಲಾರಿ ಮುಂದಿನ ಬೀದಿಗೆ ಹೋಯಿತು. ಸುದ್ದಿ ಅದಕ್ಕಿಂತ ಮೊದಲೇ ಹೋಗಿತ್ತು.

ಮರುದಿನದಿಂದ ಮಿಂಗ್‌ಫಾ ರಾಜಿ ಕೆಲಸಕ್ಕೆ ಕೈಹಾಕಿದ. ಸಮಿತಿಯವರು ಕೊಟ್ಟಿದ್ದ ಕೈಪಿಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಗೇಟಿನ ಆಚೆ ಒಂದು ಈಚೆ ಒಂದು ನಾಯಿಯನ್ನು ಕೂರಿಸಿ, ಇಬ್ಬರಿಗೂ ಸಮನಾಗಿ ಬೇಯಿಸಿದ ಕೋಳಿ ಇಟ್ಟು, "ನೋಡ್ರಪ್ಪ, ಆದದ್ದು ಆಯ್ತು" ಎಂದು ಆರಂಭಿಸಿದ. ಅಷ್ಟರಲ್ಲೇ ಗೇಟು ಗಡಗಡ ಅಲುಗಾಡಿತು. ಒಂದು ಬೀಗ ಕಿತ್ತು ಬಂತು.

"ನಡಿ, ಡಾಕ್ಟರ ಹತ್ರ ತೋರಿಸೋಣ" ಎಂದಳು ಸುಯುನ್ ಮೇಲಿನಿಂದ.

"ಜಗಳಕ್ಕೆ ಯಾವ ಡಾಕ್ಟರು? ತಪ್ಪು ದೌಜಾಂಗಳದ್ದು. ನಾನೇ ಕಣ್ಣಾರೆ ನೋಡಿದೀನಿ, ಅವಳೇ ಹಾರಿದ್ದು. ನಾಲ್ಕು ದಿನ ಬುದ್ಧಿ ಹೇಳ್ತೀನಿ, ಸರಿಹೋಗ್ತಾಳೆ."

ನಾಲ್ಕು ದಿನದಲ್ಲಿ ಸರಿಹೋದವರು ಯಾರೂ ಇಲ್ಲ. ಐದನೆಯ ದಿನ ತೈಚುಂಗ್‌ನಿಂದ ಸುಯುನಳ ಅಕ್ಕ ಬಿಹುವಾ ಬಂದಿಳಿದಳು. ಆಕಿಮ್ ಫೋನ್ ಮಾಡಿದ್ದಳಂತೆ. ಮೂವತ್ತು ವರ್ಷ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಹೆಂಗಸು. ಅಂಗಡಿಗೆ ಬಂದವಳು ಕೂರಲೂ ಇಲ್ಲ.

"ಮಿಂಗ್‌ಫಾ, ಮುಚ್ಚುಮರೆ ಬೇಡ. ಮೊದಲು ಶುರು ಮಾಡಿದ್ದು ಯಾರು?"

ಹೆಂಡತಿಯೇ ಅಕ್ಕನಿಗೆ ನಾಯಿಗಳ ವಿಷಯ ಹೇಳಿರಬೇಕೆಂದು ಮಿಂಗ್‌ಫಾ ಎಣಿಸಿದ. ಮನೆಯವರ ಮುಂದೆ ಎಂಥ ಗುಟ್ಟು!

"ಅವಳೇ ಅಕ್ಕ. ಊಟದ ಹೊತ್ತಲ್ಲಿ ಇದ್ದಕ್ಕಿದ್ದ ಹಾಗೆ ಹಾರಿ ಕಿವಿ ಕಚ್ಚಿಬಿಟ್ಟಳು."

"ಕಿವೀನಾ? ನಮ್ಮಪ್ಪನ ಮನೇಲಿ ಅವಳು ಇರುವೆ ತುಳಿದವಳಲ್ಲ!"

"ನಿಮ್ಮಪ್ಪನ ಮನೇಲಿ ಅವಳು ಯಾವಾಗ ಇದ್ದಳು? ಮಾರ್ಕೆಟ್ ಹಿಂದುಗಡೆ ಸಿಕ್ಕವಳು."

ಬಿಹುವಾ ಗೋಡೆ ಹಿಡಿದುಕೊಂಡಳು. "ಏನಂದೆ?"

"ಈಗ ಪರವಾಗಿಲ್ಲ ಅಕ್ಕ. ಊಟ ಗೇಟಿನ ಸಂದಿಯಿಂದ ತಳ್ತೀವಿ. ಮೊದಲ ದಿನ ಕತ್ತಿಗೆ ಪಟ್ಟಿ ಹಾಕಿ ಕಂಬಕ್ಕೆ ಕಟ್ಟಿದ್ದೆ. ಅಳೋಕೆ ಶುರು ಮಾಡಿದಳು, ಬಿಚ್ಚಿದೆ."

ಬಿಹುವಾಳ ಕೈಚೀಲದಲ್ಲಿ ನೀರಿನ ಸ್ಟೀಲ್ ಫ್ಲಾಸ್ಕ್ ಇತ್ತೆಂಬುದು ಮಿಂಗ್‌ಫಾನಿಗೆ ಅದು ಭುಜಕ್ಕೆ ಬಿದ್ದಾಗ ತಿಳಿಯಿತು. ಎರಡನೆಯ ಏಟಿಗೆ ಅವನು ಮೇಜಿನಡಿ ನುಗ್ಗಿದ. ಅಲ್ಲಿ ಮಲಗಿದ್ದ ದೌಜಾಂಗ್ ಗಾಬರಿಯಿಂದ ಹೊರಗೆ ಬಂತು.

"ನಾಯೀನ ಕಂಬಕ್ಕೆ ಕಟ್ಟಿದ್ದಕ್ಕೆ ಇಷ್ಟೊಂದಾ ಅಕ್ಕ?" ಎಂದು ಒಳಗಿನಿಂದ ದನಿ ಬಂತು.

"ನಾಯೀನಾ?"

"ಮತ್ಯಾರು?"

ಗೇಟಿನ ಆಚೆ ಮೆಟ್ಟಿಲ ಮೇಲೆ ಕೂತು ಸುಯುನ್ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

ವಿಷಯ ತಿಳಿದ ಮೇಲೆ ಬಿಹುವಾ ಕ್ಷಮೆ ಕೇಳಲಿಲ್ಲ, ತೀರ್ಪು ಕೊಟ್ಟಳು. ಅವಳ ಮೈದುನನಿಗೆ ಗುಡ್ಡದ ಕಡೆ ಕಿತ್ತಳೆ ತೋಟವಿದೆ, ಕಾವಲಿಗೆ ನಾಯಿ ಬೇಕು. ತಿಂಗಳ ಕೊನೆಯ ಭಾನುವಾರ ಅವನು ವ್ಯಾನ್ ತರುತ್ತಾನೆ, ದೌಜಾಂಗನ್ನು ಕಳಿಸಿಬಿಡಿ. "ನೀವಿಬ್ಬರೂ ವಯಸ್ಸಾದವರು. ಮೇಲೊಬ್ಬಳು ಕೆಳಗೊಬ್ಬ ಇದ್ಕೊಂಡು ಎಷ್ಟು ದಿನ? ನಾಳೆ ಕೈ ಹೋಯ್ತು ಅಂದ್ರೆ ಬೀಗ ಯಾವುದರಲ್ಲಿ ಮಾಡ್ತೀಯ?"

ಮಿಂಗ್‌ಫಾ ಹೆಂಡತಿಯ ಕಡೆ ನೋಡಿದ. ಅವಳು ಬೇಡವೆನ್ನಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಗೇಟು ತೆಗೆದು ಹಾಕಿ ಅವಳ ಕಣ್ಣ ಕೆಳಗೆ ಕಪ್ಪು ಬಂದಿತ್ತು. ದೌಜಾಂಗ್ ಮಾತ್ರ ತನ್ನ ಹೆಸರು ಕೇಳಿ ಬಾಲ ಅಲ್ಲಾಡಿಸಿತು.

"ಯಾರೂ ಎಲ್ಲಿಗೂ ಹೋಗಲ್ಲ. ಬೇಕಾದ್ರೆ ನಾನು ತೋಟ ಕಾಯೋಕೆ ಹೋಗ್ತೀನಿ" ಎಂದ ಮಿಂಗ್‌ಫಾ.

"ಬೊಗಳೋಕೆ ಬರುತ್ತಾ ನಿಂಗೆ?" ಎಂದಳು ಬಿಹುವಾ. ಆದರೂ ಮೈದುನನಿಗೆ ಭಾನುವಾರ ಬರಲು ಹೇಳಿಯೇ ಊರಿಗೆ ಹೋದಳು.

ಮಿಂಗ್‌ಫಾ ಅದೇ ಸಂಜೆ ಕೈಪಿಡಿಯನ್ನು ಡ್ರಾಯರಿಗೆ ಹಾಕಿ, ಎರಡು ನಾಯಿಗಳನ್ನೂ ಎರಡು ಸರದಿಯಲ್ಲಿ ಪಶುವೈದ್ಯೆ ಷೆನ್ ಬಳಿಗೆ ಕರೆದೊಯ್ದ. ಡಾಕ್ಟರ್ ಷೆನ್ ಮಾತು ಕಡಿಮೆಯ ಹೆಣ್ಣುಮಗಳು. ದೌಜಾಂಗನ್ನು ಮುಟ್ಟಿ ನೋಡಿ, "ಚೆನ್ನಾಗಿದಾಳೆ" ಎಂದಳು. ಯೌತ್ಯಾವಿನ ಬಾಯಿ ಬಿಡಿಸಿದವಳು ಟಾರ್ಚ್ ಹಾಕಿ ಒಳಗೆ ಬಗ್ಗಿ ನೋಡಿದಳು.

"ದವಡೆ ಹಲ್ಲಿನೊಳಗೇ ಕೀವು ತುಂಬಿದೆ. ಎಷ್ಟು ದಿನದಿಂದ ತಡ್ಕೊಂಡಿದ್ದಾನೋ ಪಾಪ. ಇವಳು ಅವನ ಬಾಯಿ ನೆಕ್ಕೋ ಅಭ್ಯಾಸ ಉಂಟಾ?"

"ದಿನಾ ಊಟ ಆದ್ಮೇಲೆ."

"ಅಲ್ಲಿಗೇ ತಾಗಿರುತ್ತೆ. ಪ್ರಾಣ ಹೋಗೋ ನೋವು. ಅವನು ಕಚ್ಚಿದ, ಇವಳು ತಿರುಗಿ ಬಿದ್ದಳು. ಈಗ ಒಬ್ಬರನ್ನ ಕಂಡ್ರೆ ಒಬ್ಬರಿಗೆ ಭಯ. ಸಿಟ್ಟಲ್ಲ, ಭಯ."

ಐದು ದಿನ ಅಪರಾಧಿ ಎಂದು ಬೈಸಿಕೊಂಡಿದ್ದ ದೌಜಾಂಗಿನ ಮುಂದೆ ಮಿಂಗ್‌ಫಾ ಆಸ್ಪತ್ರೆಯ ನೆಲದ ಮೇಲೇ ಕುಳಿತು, "ತಪ್ಪಾಯ್ತು ಕಣಮ್ಮ. ತೀರ್ಪು ಕೊಡೋಕೆ ಮೊದಲು ಬಾಯಿ ನೋಡ್ಬೇಕಿತ್ತು" ಎಂದ. ದೌಜಾಂಗ್ ಅವನ ಕೆನ್ನೆಯ ಗೆರೆಗಳನ್ನು ನೆಕ್ಕಿತು.

ಹಲ್ಲು ಕಿತ್ತಾಯಿತು. ಗಾಯ ಮಾಗಿದ ಮೇಲೆ ಮಾಡಬೇಕಾದ್ದನ್ನು ಡಾಕ್ಟರ್ ಬಾಯಿಪಾಠ ಮಾಡಿಸಿದಳು. ಕಚ್ಚದಂತೆ ಬಾಯಿಗೆ ಕುಕ್ಕೆ ಹಾಕಬೇಕು. ದಿನಾ ಇಬ್ಬರನ್ನೂ ಒಟ್ಟಿಗೆ ವಾಕಿಂಗ್ ಕರೆದೊಯ್ಯಬೇಕು, ಆದರೆ ರಸ್ತೆಯ ಆ ಕಡೆ ಒಬ್ಬ, ಈ ಕಡೆ ಒಬ್ಬಳು. ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ. ಕೂಗಾಡಬಾರದು, ದಿಟ್ಟಿಸಿ ನೋಡಬಾರದು, ಏನಾದರೂ ಆದರೆ ನಡುವೆ ಕೈ ಹಾಕಲೇಬಾರದು. ಸುಮ್ಮನೆ ನಡೆಯುತ್ತಿರಬೇಕು. "ಒಟ್ಟಿಗೆ ಒಂದೇ ದಿಕ್ಕಿಗೆ ನಡೀತಾ ನಡೀತಾ ಭಯ ಮರೆಯುತ್ತೆ."

ಹೀಗಾಗಿ ಮುಂದಿನ ವಾರದಿಂದ ಆ ಬೀದಿಯ ಜನ ಹೃದಯ ಒಡೆಯುವ ದೃಶ್ಯವೊಂದನ್ನು ಕಾಣತೊಡಗಿದರು. ಬೆಳಗ್ಗೆ ಆರಕ್ಕೆ ಸುಯುನ್ ಕಂದು ನಾಯಿ ಹಿಡಿದು ರಸ್ತೆಯ ಎಡಗಡೆ, ಮಿಂಗ್‌ಫಾ ಬಿಳಿ ನಾಯಿ ಹಿಡಿದು ಬಲಗಡೆ. ಮಾತಿಲ್ಲ, ಕತೆಯಿಲ್ಲ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನೋಡಿದರೆ ನಾಯಿಗಳೂ ನೋಡುತ್ತವೆ ಎಂಬ ಭಯ.

"ನಾಯಿಗಳನ್ನೂ ಹಂಚ್ಕೊಂಡುಬಿಟ್ಟಿದ್ದಾರೆ!" ಎಂದು ಆಕಿಮ್ ಮೊಟ್ಟೆಯ ದೋಸೆ ಮಗುಚುತ್ತ ಮೂಗೊರೆಸಿಕೊಂಡಳು. "ಪಾಪ, ಆ ಮೂಕಪ್ರಾಣಿಗಳಿಗೆ ಬಾಯಿ ಬೇರೆ ಕಟ್ಟಿದ್ದಾರೆ. ಮನೆ ಗುಟ್ಟು ಹೇಳಿಬಿಡುತ್ತವೆ ಅಂತಲೋ ಏನೋ."

ಆದರೆ ನಾಲ್ಕನೆಯ ದಿನ ಅವಳ ಕಣ್ಣಿಗೇ ಮೊದಲು ಬಿತ್ತು. ಸುಯುನ್ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿದಿದ್ದಳು. ಆರನೆಯ ದಿನ ಮಿಂಗ್‌ಫಾ ಇಳಿದ. ತಿಂಡಿಗೆ ಬಂದವರೆಲ್ಲ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ನೋಡತೊಡಗಿದರು. "ನಿನ್ನೆಗಿಂತ ಎರಡು ಹೆಜ್ಜೆ ಹತ್ರ!" "ಇಲ್ಲ ಇಲ್ಲ, ಒಂದೇ." ಎಂಟನೆಯ ದಿನ ಯಾರದೋ ಸ್ಕೂಟರ್ ಅಡ್ಡ ಬಂದು ಇಬ್ಬರೂ ಮತ್ತೆ ಎರಡು ಕಡೆ ಸರಿದಾಗ, ಆ ಸ್ಕೂಟರಿನವನು ತಿಂದ ಬೈಗುಳ ಅವನ ಜನ್ಮಕ್ಕೆ ಸಾಕು.

ವಾರ್ಡಿನ ಮುಖ್ಯಸ್ಥನೂ ರಾಜಿ ಸಮಿತಿಯ ಅಧ್ಯಕ್ಷನೂ ಆಗಿದ್ದ ಫಾಂಗ್‌ಗೆ ಇನ್ನು ಸುಮ್ಮನಿರುವುದು ಧರ್ಮವೆನಿಸಲಿಲ್ಲ. ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಸಮಿತಿಯ ಇಬ್ಬರು ಹಿರಿಯ ಸದಸ್ಯರು, ಒಂದು ಡಬ್ಬ ಅನಾನಸ್ ಕೇಕು, ಒಂದು ರಾಜಿ ಅರ್ಜಿಯ ನಮೂನೆ ಮತ್ತು ಕರೆಯದೇ ಬಂದ ಆಕಿಮ್ ಸಮೇತ ಅವನು ಮಿಂಗ್‌ಫಾನ ಅಂಗಡಿಗೆ ಬಂದ. ಮಿಂಗ್‌ಫಾ ಎದ್ದು ನಿಂತ. ದೌಜಾಂಗ್ ಮೇಜಿನಡಿ ಸರಿಯಿತು.

"ತು ಅಣ್ಣ, ನಿಮ್ಮ ಮನೆ ವಿಷಯ ಎಲ್ಲರಿಗೂ ಗೊತ್ತಾಗಿದೆ. ಸಮಿತಿಯವರ ಮನೇಲೇ ಹೀಗಾದ್ರೆ ಜನ ಏನಂತಾರೆ?"

ಮಿಂಗ್‌ಫಾ ಬಾಗಿಲತ್ತ ನೋಡಿ ದನಿ ತಗ್ಗಿಸಿದ. "ಯಾರು ಹೇಳಿದ್ದು ಅಧ್ಯಕ್ಷರೇ?"

"ಹೇಳ್ಬೇಕಾ? ರಸ್ತೆ ಆ ಕಡೆ ಒಬ್ಬರು ಈ ಕಡೆ ಒಬ್ಬರು!"

"ಅದು ಡಾಕ್ಟರು ಹೇಳಿದ ಕ್ರಮ. ದಿನಾ ಸ್ವಲ್ಪ ಹತ್ರ ಬರಬೇಕಂತೆ. ಹಲ್ಲು ಕಿತ್ತಮೇಲೆ ಎಷ್ಟೋ ಪರವಾಗಿಲ್ಲ."

"ಹಲ್ಲು ಕಿತ್ರಾ?" ಎಂದು ಫಾಂಗ್ ಹೌಹಾರಿದ. ಆಕಿಮ್ ಅಯ್ಯಯ್ಯೋ ಎನ್ನುತ್ತ ಸುಯುನಳನ್ನು ನೋಡಲು, ಬೀಗದಲ್ಲೇ ಇದ್ದ ಕೀಲಿ ತಿರುಗಿಸಿ ಗೇಟು ತೆಗೆದು ಮಹಡಿಗೆ ಓಡಿದಳು.

ಫಾಂಗ್ ನಮೂನೆ ಬಿಡಿಸಿದ. "ಹೋಗ್ಲಿ. ಮುಂದಿನ ಮಾತು. ಇಬ್ಬರೂ ಮತ್ತೆ ಒಂದೇ ಕೋಣೇಲಿ ಇರೋಕೆ ಒಪ್ಪಿಗೆ ಇದೆಯಾ?"

"ಬಾಯಿಗೆ ಕುಕ್ಕೆ ಹಾಕಿದ್ರೆ ಇರ್ತಾರೆ. ಬಿಚ್ಚಿ ನೋಡೋಕೆ ಇನ್ನೂ ಧೈರ್ಯ ಬಂದಿಲ್ಲ."

ಹಿರಿಯ ಸದಸ್ಯರೊಬ್ಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಷ್ಟರಲ್ಲಿ ಸುಯುನ್ ಆಕಿಮ್‌ಳನ್ನು ಎಳೆದುಕೊಂಡು ಮೆಟ್ಟಿಲಿಳಿದು ಬಂದಳು. ಮಹಡಿಯಲ್ಲಿ ಆಕಿಮ್ ಅವಳ ತುಟಿ ಬಿಡಿಸಿ ಹಲ್ಲು ಎಣಿಸಲು ಹೋಗಿದ್ದಳಂತೆ.

"ನಾಯಿ! ಜಗಳ ಆಡಿದ್ದು ನಾಯಿಗಳು! ಹಲ್ಲು ಕಿತ್ತಿದ್ದು ನಾಯಿದು! ಮರ್ಯಾದೆ ಹೋಗುತ್ತೆ ಅಂತ ಈ ಮಹಾಶಯ ಬಾಯಿ ಬಿಡಬೇಡ ಅಂದ. ಈಗ ನಂಗೇ ಡೈವೋರ್ಸ್ ಮಾಡಿಸ್ತಿದ್ದೀರ!"

ಎಲ್ಲರೂ ಮಿಂಗ್‌ಫಾನನ್ನು ನೋಡಿದರು. ಒಂದು ತಿಂಗಳು ಮುಚ್ಚಿಟ್ಟಿದ್ದನ್ನು ಅವನು ಎದೆಯುಬ್ಬಿಸಿ ಒಪ್ಪಿಕೊಂಡ.

"ಹೌದು. ನನ್ನ ಮನೇಲಿ ಎರಡು ನಾಯಿ ಕಚ್ಚಾಡಿದವು. ಬಿಡಿಸೋಕೆ ಹೋಗಿ ಕಚ್ಚಿಸ್ಕೊಂಡೆ. ತಪ್ಪು ಯಾರದು ಅಂತಾನೂ ತಪ್ಪಾಗಿ ಹೇಳಿದೆ. ನಾಳೆ ಒಂದನ್ನ ತಗೊಂಡು ಹೋಗೋಕೆ ವ್ಯಾನ್ ಬರುತ್ತೆ. ಖಾಲೀನೇ ವಾಪಸ್ ಹೋಗುತ್ತೆ. ನೀವು ಸದಸ್ಯತ್ವ ತೆಗೀತೀರಾ, ತೆಗೀರಿ. ನಾನು ಮಾತ್ರ ನಾಳೆ ಬೆಳಗ್ಗೇನೂ ವಾಕಿಂಗ್ ಹೋಗೋನೇ."

ಈ ಭಾಷಣಕ್ಕೆ ಉತ್ತರ ಬರುವ ಮೊದಲು ಮೆಟ್ಟಿಲ ಮೇಲೆ ಉಗುರಿನ ಸದ್ದು ಕೇಳಿತು. ಆಕಿಮ್ ತೆಗೆದ ಗೇಟು ತೆಗೆದೇ ಇತ್ತು. ಯೌತ್ಯಾವ್ ಒಂದೊಂದೇ ಮೆಟ್ಟಿಲಿಳಿದು ಅಂಗಡಿಯ ನಡುವೆ ಬಂದು ನಿಂತಿತು. ಬಾಯಿಗೆ ಕುಕ್ಕೆ ಇಲ್ಲ. ಮೇಜಿನಡಿಯಿಂದ ದೌಜಾಂಗ್ ಎದ್ದಿತು. ಅದಕ್ಕೂ ಇಲ್ಲ. ಅದರ ಬೆನ್ನಿನ ಕೂದಲು ನಿಮಿರಿತು.

ಸುಯುನ್ ಬಕೆಟ್ ಕಡೆ ನೋಡಿದಳು. ಫಾಂಗ್ ಕೇಕಿನ ಡಬ್ಬವನ್ನು ಎದೆಗೆ ಅವುಚಿಕೊಂಡ.

"ಯಾರೂ ಅಲ್ಲಾಡಬೇಡಿ. ನಾಯಿಗಳನ್ನ ನೋಡಬೇಡಿ. ಎಲ್ಲರೂ ಗೋಡೆ ಕಡೆ ತಿರುಗಿ" ಎಂದ ಮಿಂಗ್‌ಫಾ, ತೀರ ಮೆಲ್ಲಗೆ.

ವಾರ್ಡಿನ ರಾಜಿ ಸಮಿತಿ ಒಟ್ಟಾಗಿ ಗೋಡೆಗೆ ಮುಖ ಮಾಡಿ ನಿಂತಿತು. ಮಿಂಗ್‌ಫಾನ ಬೆರಳು ನಡುವೆ ಹೋಗಲು ತವಕಿಸುತ್ತಿತ್ತು. ಅವನು ಆ ಕೈಯನ್ನು ಜೇಬಿಗೆ ತುರುಕಿ, ಇನ್ನೊಂದು ಕೈಯಿಂದ ಮೊಳೆಗೆ ಹಾಕಿದ್ದ ಎರಡು ಹಗ್ಗ ತೆಗೆದ. ಒಂದನ್ನು ಹೆಂಡತಿಗೆ ಕೊಟ್ಟ. ಇಬ್ಬರೂ ತಮ್ಮ ತಮ್ಮ ನಾಯಿಯ ಪಟ್ಟಿಗೆ ಕೊಂಡಿ ಹಾಕಿದರು.

"ನಡಿ" ಎಂದ, ಯಾರಿಗೆಂದು ಹೇಳದೆ.

ನಡೆದರು. ಬಾಗಿಲು ಕಿರಿದು. ಎರಡು ನಾಯಿಗಳ ಪಕ್ಕೆಗಳು ಒಂದಕ್ಕೊಂದು ಉಜ್ಜಿದವು. ದೌಜಾಂಗ್ ಒಮ್ಮೆ ತುಟಿ ಎತ್ತಿತು. ಯೌತ್ಯಾವ್ ಮುಖ ಆ ಕಡೆ ತಿರುಗಿಸಿ ದೊಡ್ಡದಾಗಿ ಆಕಳಿಸಿತು, ಕಿತ್ತ ಹಲ್ಲಿನ ಜಾಗ ಬಿಸಿಲಿಗೆ ಕಂಡಿತು. ಎತ್ತಿದ ತುಟಿ ಇಳಿಯಿತು. ಮಧ್ಯಾಹ್ನ ಮೂರರ ಬಿಸಿಲಲ್ಲಿ ರಸ್ತೆಯ ಒಂದೇ ಕಡೆಯಲ್ಲಿ ಗಂಡ, ಹೆಂಡತಿ, ಬಿಳಿ ನಾಯಿ, ಕಂದು ನಾಯಿ. ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಉಸಿರು ಬಿಗಿಹಿಡಿದು ಬರುತ್ತಿದ್ದ ಸಮಿತಿ. ವಿಷಯ ತಿಳಿಯದ ತಿಂಡಿ ಅಂಗಡಿಯ ಗಿರಾಕಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರೋ ಮುದುಕಿ ಅತ್ತೇಬಿಟ್ಟಳು.

ಭಾನುವಾರ ವ್ಯಾನ್ ಬಂತು. ಮಿಂಗ್‌ಫಾ ಬಿಹುವಾಳ ಮೈದುನನಿಗೆ ಚಹಾ ಕೊಟ್ಟು, ತೋಟದ ಗೇಟಿಗೆಂದು ಒಂದು ಗಟ್ಟಿ ಬೀಗವನ್ನು ಸುಮ್ಮನೇ ಕೊಟ್ಟು ಕಳಿಸಿದ. ಫಾಂಗ್ ಸದಸ್ಯತ್ವ ತೆಗೆಯಲಿಲ್ಲ. ಕಚೇರಿಯ ಮೆಟ್ಟಿಲು ಹತ್ತುವ ಮಂಡಿ ಇನ್ನೊಂದು ಸಿಗುವುದು ಕಷ್ಟವೆಂದು ಅವನಿಗೂ ಗೊತ್ತಿತ್ತು. ಎರಡು ವಾರದಲ್ಲಿ ಕುಕ್ಕೆ ಹೋಯಿತು, ಬಟ್ಟಲು ಮಾತ್ರ ಬೇರೆಬೇರೆಯೇ ಉಳಿದವು. ಒಂದು ಬೆಳಗ್ಗೆ ಮಿಂಗ್‌ಫಾ ಗೇಟಿನ ಮೊಳೆ ಕೀಳಲು ಹೊರಟ.

"ಇರಲಿ ಬಿಡು" ಎಂದಳು ಸುಯುನ್ ಮೇಲಿನಿಂದ.

"ಯಾಕೆ? ಅವರಿಬ್ಬರೂ ಸರಿಹೋದ್ರಲ್ಲ. ನೀನಿನ್ನು ಕೆಳಗೆ ಬಾ."

"ಮೂವತ್ತಾರು ವರ್ಷದಲ್ಲಿ ಮೊದಲನೇ ಸಲ ಗೊರಕೆ ಇಲ್ಲದೆ ನಿದ್ದೆ ಮಾಡ್ತಿದ್ದೀನಿ. ಯೌತ್ಯಾವ್ ಬೇಕಾದ್ರೆ ಕೆಳಗೆ ಹೋಗಲಿ, ನಾನು ಬರಲ್ಲ."

ಇಡೀ ಬೀದಿ ಅವರ ದಾಂಪತ್ಯವನ್ನು ಹೊಗಳುತ್ತಿದ್ದ ದಿನಗಳವು. ಯಾರ ಬಳಿ ಹೇಳಿಕೊಳ್ಳುವುದು? ಮಿಂಗ್‌ಫಾ ಕೂಗಾಡಲಿಲ್ಲ, ದಿಟ್ಟಿಸಿ ನೋಡಲಿಲ್ಲ. ಮರುದಿನ ಊಟವಾದ ಮೇಲೆ ಮಧ್ಯಾಹ್ನದ ನಿದ್ದೆಗೆ ಅಂಗಡಿಯ ಹಿಂದಿನ ಕೋಣೆಗೆ ಹೋಗುವ ಬದಲು ದಿಂಬು ತಂದು ಗೇಟಿನ ಬುಡದಲ್ಲಿ ಹಾಕಿಕೊಂಡ. ಅದರ ಮರುದಿನ ಮೊದಲ ಮೆಟ್ಟಿಲಲ್ಲಿ ಕುಳಿತು ಗೋಡೆಗೊರಗಿ ತೂಕಡಿಸಿದ. ಮೂರನೆಯ ದಿನ ಎರಡನೆಯ ಮೆಟ್ಟಿಲು. ಬೀಗ ಮಾಡಿಸಲು ಬಂದವರು ಮೆಟ್ಟಿಲ ಮೇಲೆ ತೂಗುತ್ತಿದ್ದ ತಲೆಯನ್ನು ಕಂಡು ಸದ್ದಿಲ್ಲದೆ ಹಿಂದಿರುಗಿದರು.

ಮಹಡಿಗೆ ಹದಿನಾಲ್ಕು ಮೆಟ್ಟಿಲು. ಹದಿನೈದನೆಯ ದಿನ ಮಧ್ಯಾಹ್ನ ಮಹಡಿಯ ಬಾಗಿಲು ಒಂದು ಗೇಣು ತೆರೆಯಿತು.

"ಗೋಡೆ ಕಡೆ ತಿರುಗಿ ಮಲಗಬೇಕು" ಎಂದಿತು ಒಳಗಿನ ದನಿ. "ಶುರುವಾದ್ರೆ ನೀರು ಸುರೀತೀನಿ."

ಮಿಂಗ್‌ಫಾ ದಿಂಬು ಎತ್ತಿಕೊಂಡ.